ಅಕ್ಕನಿಗೊಂದು ಹೊಲಿಗೆ ಕೋಣೆ

ನನಗೆ ಅಂಗಿಗೆ ಗುಂಡಿ ಹಾಕುವುದೂ ನೆಟ್ಟಗೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ರಾಯದುರ್ಗದ ನಮ್ಮ ಮನೆಗೆ ನೀವೇನಾದರೂ ಬಂದರೆ, ಆ ಹೊತ್ತಿಗೆ ಹಿಂದಿನ ಕೋಣೆಯ ಬಾಗಿಲು ತೆರೆದಿದ್ದರೆ, ಉಳಿದವರ ಹಾಗೆ ನೀವೂ ಹೊಸ್ತಿಲ ಮೇಲೆ ನಿಂತು, "ಓಹೋ, ಟೀಚರಮ್ಮ ಹೊಲಿಗೆಯಲ್ಲೂ ಗಟ್ಟಿಗರು!" ಎಂದುಬಿಡುತ್ತೀರಿ. ಹಾಗೆ ಅನ್ನಿಸುವಂತೆಯೇ ಇದೆ ಕೋಣೆ. ಗೋಡೆಗೆ ಎಳೆ ಹಸಿರು ಬಣ್ಣ. ಒಂದು ಗೋಡೆಯ ಉದ್ದಕ್ಕೂ ಹಲಗೆ, ಹಲಗೆಯ ತುಂಬ ಮೊಳೆ, ಒಂದೊಂದು ಮೊಳೆಗೆ ಒಂದೊಂದು ದಾರದುಂಡೆ: ಕೆಂಪಿನಿಂದ ಶುರುವಾಗಿ ಕಿತ್ತಳೆ, ಹಳದಿ ಎನ್ನುತ್ತ ನೇರಳೆಯವರೆಗೆ. ಕಪಾಟಿನಲ್ಲಿ ಗಾಜಿನ ಬಾಟಲಿಗಳು, ಅವುಗಳಲ್ಲಿ ಬಣ್ಣಬಣ್ಣದ ಗುಂಡಿ. ಕಿಟಕಿಗೆ ಗಿಳಿಗಳಿರುವ ಪರದೆ, ಕಿಟಕಿಯ ಕೆಳಗೆ ಬಟ್ಟೆ ಕತ್ತರಿಸಲು ಅಗಲವಾದ ಮೇಜು. ಇಲ್ಲದ್ದು ಒಂದೇ, ಹೊಲಿಯುವ ಮಿಷನ್ನು.

ಮೊನ್ನೆ ನಮ್ಮ ಯಜಮಾನರ ಅಂಗಿಯ ಗುಂಡಿಯೊಂದು ಕಿತ್ತುಬಂತು. ಅವರು ಮನೆಯ ಮುಂಭಾಗದಲ್ಲೇ ಮೋಟರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳು ಬರುತ್ತವೆ, ಹೊಸ ತಂತಿ ಸುತ್ತಿಸಿಕೊಂಡು ಹೋಗುತ್ತವೆ. "ಒಂದು ಬಿಳಿ ಗುಂಡಿ ಹಚ್ಚಿ ಕೊಡಾಕ ಆಗ್ತೈತೇನು?" ಎಂದು ಅವರು ಅಂಗಿ ಕೊಟ್ಟರು. ನಾನು ಕೋಣೆಗೆ ಹೋಗಿ, 'ಬಿಳಿ ಗುಂಡಿ' ಎಂದು ಚೀಟಿ ಅಂಟಿಸಿದ ಬಾಟಲಿ ತೆಗೆದು, ಅಂಗೈ ಮೇಲೆ ಒಂದಿಷ್ಟು ಸುರಿದುಕೊಂಡೆ. ಆಮೇಲೆ ಅಲ್ಲೇ ಕೂತುಬಿಟ್ಟೆ. ಯಜಮಾನರು ಕಾದು ಕಾದು ಬೇರೆ ಅಂಗಿ ಹಾಕಿಕೊಂಡು, ಬಾಗಿಲಲ್ಲಿ ಇಣುಕಿ ಹೋದರು. ಗುಂಡಿ ಇನ್ನೂ ಹಾಕಿಲ್ಲ.

ಈ ಕೋಣೆಯನ್ನು ನಾನು ಮಾಡಿದ್ದು ನನ್ನ ಅಕ್ಕನಿಗಾಗಿ. ಅಕ್ಕ ಅಂದರೆ ಮಡಕಶಿರದ ಟೈಲರ್ ಜಯಮ್ಮ.

ನನಗೂ ಅವಳಿಗೂ ವಯಸ್ಸಿನಲ್ಲಿ ಬಹಳ ಅಂತರ. ನಾನು ಅಂಬೆಗಾಲಿಡುವಾಗ ಅವಳಿಗೆ ಮದುವೆಯಾಗಿತ್ತು. ನಾನು ಶಾಲೆಗೆ ಸೇರುವ ಹೊತ್ತಿಗೆ ಬಾವ ತೀರಿಹೋಗಿ, ಅವಳು ಒಂದು ಹೊಲಿಗೆ ಮಿಷನ್ನಿನ ಜೊತೆ ತವರಿಗೆ ವಾಪಸು ಬಂದಿದ್ದಳು. ಅಮ್ಮ ಬೆಳಿಗ್ಗೆ ಎದ್ದರೆ ಕಡಲೆಕಾಯಿ ಹೊಲದ ಕೂಲಿಗೆ ಹೋಗುವವಳು. ಹಾಗಾಗಿ ನನ್ನನ್ನು ಸಾಕಿದ್ದು ಅಕ್ಕ ಮತ್ತು ಆ ಮಿಷನ್ನು. ಕರಿಯ ಬಣ್ಣದ, ಕಾಲಲ್ಲಿ ತುಳಿಯುವ ಮಿಷನ್ನು. ಅವಳು ಎದ್ದು ನೀರಿಗೋ ಒಲೆಗೋ ಹೋದಾಗ ನಾನು ಅದರ ಕೆಳಗೆ ನುಗ್ಗಿ, ತುಳಿಯುವ ಹಲಗೆಯ ಮೇಲೆ ಕೂತು, ಪಕ್ಕದ ಚಕ್ರವನ್ನು ಸ್ಟೇರಿಂಗು ಮಾಡಿಕೊಂಡು ಬಸ್ಸು ಬಿಡುತ್ತಿದ್ದೆ. "ಹಿಂದೂಪುರ, ಹಿಂದೂಪುರ, ಹಿಂದೂಪುರ! ಪಾವಗಡದೋರು ಇಳೀರಿ!" ಎಂದು ಕೂಗುತ್ತಿದ್ದೆ. ಅಕ್ಕ ಬಂದು, "ಡ್ರೈವರಮ್ಮ, ಬಸ್ಸು ಡಿಪೋಕೆ ವೋಗ್ಬೇಕು, ಇಳಿ" ಎಂದು ಜಡೆ ಹಿಡಿದು ಎಳೆಯುವವರೆಗೂ ಬಸ್ಸು ನಿಲ್ಲುತ್ತಿರಲಿಲ್ಲ.

ಅವಳ ಹೊಲಿಗೆಗೆ ಪ್ರತ್ಯೇಕ ಕೋಣೆ ಅನ್ನುವುದಿರಲಿಲ್ಲ. ಇದ್ದದ್ದೇ ಒಂದು ನಡುಮನೆ. ಅದರಲ್ಲೇ ಅಡುಗೆ, ಅದರಲ್ಲೇ ಹಾಸಿಗೆ, ಅದರಲ್ಲೇ ಹೊಲಿಗೆ. ಎಲ್ಲಿ ನೋಡಿದರೂ ಬಟ್ಟೆ. ಗಿರಾಕಿಗಳ ಬ್ಲೌಸ್ ಪೀಸುಗಳನ್ನು ಅಳತೆಯ ರವಿಕೆಯ ಜೊತೆ ಸುತ್ತಿ, ಅದೇ ಬಟ್ಟೆಯ ಪಟ್ಟಿಯಿಂದ ಕಟ್ಟಿ ಮೂಲೆಗೆ ಎಸೆಯುತ್ತಿದ್ದಳು. ಮೂಲೆಯಲ್ಲಿ ಗುಡ್ಡ. ಆ ಗುಡ್ಡದೊಳಗೆ ಕಣ್ಣುಮುಚ್ಚಿ ಕೈ ಹಾಕಿದರೂ ಬೇಕಾದ ಗಂಟೇ ಅವಳ ಕೈಗೆ ಬರುತ್ತಿತ್ತು. ನಮ್ಮ ಮನೆಯ ಸಾರಿನಲ್ಲಿ ಕರಿಬೇವಿನ ಜೊತೆ ಒಂದೆರಡು ದಾರದೆಳೆ ಇದ್ದೇ ಇರುತ್ತಿದ್ದವು. ಒಮ್ಮೆ ಮೊಸರನ್ನದಲ್ಲಿ ನನಗೆ ಒಂದು ಹುಕ್ಕು ಸಿಕ್ಕಿತ್ತು. ಅಕ್ಕ ಅದನ್ನು ತೊಳೆದು, ಒರೆಸಿ, ಯಾರದೋ ರವಿಕೆಗೆ ಹಚ್ಚಿದಳು.

ರೇಷ್ಮೆಗೂಡು ಮಾರಿದ ದಿನ ಸುತ್ತಲ ಹಳ್ಳಿಯ ಹೆಂಗಸರು ಬಟ್ಟೆ ಅಂಗಡಿಗೆ ಹೋಗಿ, ಅಲ್ಲಿಂದ ನೆಟ್ಟಗೆ ನಮ್ಮ ಮನೆಗೆ ಬರುತ್ತಿದ್ದರು. ಅವರ ಜೊತೆ ಊರಿನ ಸುದ್ದಿಯೆಲ್ಲ ಬರುತ್ತಿತ್ತು. ಕೆಲವರು ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಅಳುತ್ತಿದ್ದರು, ಕೆಲವರು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಬೈಯುತ್ತಿದ್ದರು. ಅಕ್ಕ ಕಾಲು ತುಳಿಯುತ್ತಲೇ ಕೇಳುತ್ತಿದ್ದಳು. ಬಾಯಲ್ಲಿ ಯಾವಾಗಲೂ ಎರಡು ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ "ಹ್ಞೂಂ" ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲ. ಅಷ್ಟು ಸಾಕಾಗುತ್ತಿತ್ತೆಂದು ಕಾಣುತ್ತದೆ. ಬಂದವರು ಹಗುರಾಗಿ ಹೋಗುತ್ತಿದ್ದರು.

ನಾನೂ ಒಮ್ಮೆ ಹೊಲಿಯಲು ಹೋಗಿದ್ದುಂಟು. ಅಕ್ಕ ಇಲ್ಲದಾಗ ದಿಂಬಿಗೆ ಗವಸು ಹೊಲಿದು ಅವಳನ್ನು ಬೆರಗುಗೊಳಿಸಬೇಕೆಂದು ಕೂತೆ. ಹೊಲಿಗೆ ಬಹಳ ಸರಾಗವಾಗಿ ಸಾಗಿತು. ಮುಗಿಸಿ ಎದ್ದು ನಿಂತರೆ ಗವಸು ನನ್ನ ಜೊತೆಗೇ ಎದ್ದಿತು. ನನ್ನ ಲಂಗವನ್ನೂ ಸೇರಿಸಿ ಹೊಲಿದಿದ್ದೆ. ಹಾಗೇ ಗವಸು ತೂಗಾಡಿಸಿಕೊಂಡು ಅಕ್ಕ ಇದ್ದ ಪಕ್ಕದ ಮನೆಗೆ ಹೋದೆ. ಅವಳು ನಕ್ಕ ನಗು ಬೀದಿಯ ಕೊನೆಗೆ ಕೇಳಿಸಿತು. "ಪದ್ದೀ, ನೀನು ಓದ್ಕ ಕಣೇ. ಮಿಷನ್ ತಂಟೆಗೆ ಬರ್‌ಬ್ಯಾಡ" ಎಂದು ಹೊಲಿಗೆ ಬಿಚ್ಚಿದಳು. ನಾನು ಟೀಚರಾದದ್ದು ಹೀಗೆ ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿರುತ್ತೇನೆ. ಅರ್ಧ ತಮಾಷೆ, ಅರ್ಧ ನಿಜ. ಅವಳು ಹೊಲಿದಳು, ನಾನು ಓದಿದೆ. ಕೆಲಸ ಸಿಕ್ಕಿ, ಮದುವೆಯಾಗಿ ರಾಯದುರ್ಗಕ್ಕೆ ಬಂದ ಮೇಲೂ ನನ್ನ ಮೈಮೇಲಿನ ರವಿಕೆಗಳೆಲ್ಲ ಮಡಕಶಿರದಿಂದಲೇ ಬರುತ್ತಿದ್ದವು. ಅಳತೆ ಕೇಳುತ್ತಿರಲಿಲ್ಲ. ಫೋನಿನಲ್ಲಿ ನನ್ನ ದನಿ ಕೇಳಿದರೆ ದಪ್ಪಗಾಗಿದ್ದೇನೋ ಇಲ್ಲವೋ ತಿಳಿಯುತ್ತದೆ ಅನ್ನುತ್ತಿದ್ದಳು.

ಒಂದು ದಿನ ನಾನು ತರಗತಿಯಲ್ಲಿದ್ದಾಗ ಅಕ್ಕನ ಪಕ್ಕದ ಮನೆಯವರ ಫೋನು ಬಂತು. ಅಕ್ಕ ಮಿಷನ್ನಿನ ಮುಂದೆ ಕೂತಲ್ಲೇ ಬಲಕ್ಕೆ ವಾಲಿ ಬಿದ್ದಿದ್ದಳು. ಹಿಂದೂಪುರದ ಆಸ್ಪತ್ರೆಯಲ್ಲಿ ನಾನು ಅವಳನ್ನು ನೋಡಿದಾಗ ಬಾಯಿ ಒಂದು ಕಡೆ ಎಳೆದಿತ್ತು. ಲಕ್ವ. ಜೀವಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು. ಮಾತು ನಿಧಾನವಾಗಿ ವಾಪಸು ಬಂತು, ಸ್ವಲ್ಪ ತೊದಲಿಕೊಂಡು. ಬಲಗಾಲು ಎಳೆದುಕೊಂಡು ನಡೆಯುವಷ್ಟು ಬಂತು. ಬಲಗೈ ಬರಲಿಲ್ಲ. ಅದನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು, ಯಾರದೋ ಮಗುವನ್ನು ಕೂರಿಸಿಕೊಂಡ ಹಾಗೆ.

ಅಮ್ಮ ಎಂದೋ ಹೋಗಿದ್ದಳು. ನಮಗೆ ಮಕ್ಕಳಿಲ್ಲ. ಯಜಮಾನರು ಆಸ್ಪತ್ರೆಯಲ್ಲೇ, "ಅಕ್ಕಾರ, ಸೀದಾ ನಮ್ಮ ಮನೀಗೆ ಬರ್ರಿ. ಎರಡನೇ ಮಾತಿಲ್ಲ" ಎಂದರು. ಅಕ್ಕ ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಮಿಷನ್ನು?" ಎಂದಳು.

ಆ ಒಂದು ಮಾತನ್ನು ನಾನು ಹಿಡಿದುಕೊಂಡೆ. ಆಸೆ ಇದೆ ಅಂದುಕೊಂಡೆ. ಆಸೆ ಇದ್ದ ಮೇಲೆ ಕೈ ಬರಲೇಬೇಕು ಅಂದುಕೊಂಡೆ. ವ್ಯಾಯಾಮ ಹೇಳಿಕೊಡುವ ಹುಡುಗಿಯೂ, "ಇಷ್ಟವಾದ ಕೆಲಸ ಮಾಡಿಸ್ತಾ ಇರಿ ಮೇಡಂ" ಎಂದಿದ್ದಳು. ಪಕ್ಕದ ಮನೆಯವರ ಜೊತೆ ಅಕ್ಕ ಇನ್ನೂ ಕೆಲವು ದಿನ ಮಡಕಶಿರದಲ್ಲೇ ಇದ್ದು, ಹಿಂದೂಪುರಕ್ಕೆ ಹೋಗಿ ತೋರಿಸಿಕೊಂಡು ಬರುವುದಿತ್ತು. ಅಷ್ಟರೊಳಗೆ ಇಲ್ಲಿ ಅವಳಿಗೊಂದು ಕೋಣೆ ಸಿದ್ಧವಾಗಬೇಕೆಂದು ಹಟ ಹಿಡಿದೆ.

ಹಿಂದಿನ ಕೋಣೆಯಲ್ಲಿ ಯಜಮಾನರ ಹಳೆಯ ಮೋಟರುಗಳು, ತಾಮ್ರದ ತಂತಿಯ ಸುರುಳಿಗಳು, ಎಣ್ಣೆಯ ಡಬ್ಬಗಳು ತುಂಬಿದ್ದವು. ಅವನ್ನೆಲ್ಲ ಹೊರಗೆ ಹಾಕಿಸಿದೆ. ಫೋನಿನಲ್ಲಿ ವೀಡಿಯೋ ನೋಡುವುದು ಶುರುಮಾಡಿದೆ. ಯಾವ ಯಾವುದೋ ದೇಶದ ಹೆಂಗಸರು ತಮ್ಮ ಹೊಲಿಗೆ ಕೋಣೆಯನ್ನು ತೋರಿಸುತ್ತಾರೆ. ಎಲ್ಲರ ಕೋಣೆಯೂ ದೇವರ ಮನೆಯಷ್ಟು ಚೊಕ್ಕ. ಒಂದು ದಾರದೆಳೆ ನೆಲದ ಮೇಲಿರುವುದಿಲ್ಲ. ನೋಡುತ್ತ ನೋಡುತ್ತ ನನಗೆ ನಮ್ಮಕ್ಕ ಇಷ್ಟು ವರ್ಷ ಕಸದಲ್ಲಿ ಕೂತು ಹೊಲಿದಳಲ್ಲ ಎಂದು ಅಳು ಬರತೊಡಗಿತು. ಅವಳು ಕಸದಲ್ಲಿ ಸುಖವಾಗಿಯೇ ಇದ್ದಳು ಎಂಬುದು ಆಗ ನೆನಪಿಗೆ ಬರಲಿಲ್ಲ.

ಬಣ್ಣದ ವಿಚಾರಕ್ಕೆ ಯಜಮಾನರಿಗೂ ನನಗೂ ಜಗಳವಾಯಿತು. "ಹಸಿರು ಯಾಕ? ಆಸ್ಪತ್ರಿ ಇದ್ದಂಗ ಕಾಣ್ತೈತಿ" ಎಂದರು. "ಕಣ್ಣಿಗೆ ತಂಪು" ಎಂದೆ. ಬಡಗಿಯಿಂದ ಹಲಗೆ ಮಾಡಿಸಿದೆ. ಮೊಳೆಗಳನ್ನು ನಾನೇ ಸ್ಕೇಲು ಹಿಡಿದು ಗುರುತು ಹಾಕಿ ಹೊಡೆದೆ. ಎರಡು ಬೆರಳು ಜಜ್ಜಿಕೊಂಡೆ. ನಮ್ಮೂರಿಗೆ ದಾರಕ್ಕೇನು ಬರ? ಗಲ್ಲಿಗೊಂದು ಜೀನ್ಸ್ ಹೊಲಿಯುವ ಯೂನಿಟ್ಟು. ಆದರೆ ಅಲ್ಲಿ ಸಿಗುವುದೆಲ್ಲ ನೀಲಿ, ಕಂದು, ಜೇನುಬಣ್ಣ. ನೇರಳೆ, ಗುಲಾಬಿ ಹುಡುಕಿಕೊಂಡು ಬಳ್ಳಾರಿಗೆ ಹೋದೆ. ಬಾಟಲಿಗಳಿಗೆ, ಡಬ್ಬಗಳಿಗೆ ಬಿಳಿ ಕಾಗದದ ಚೀಟಿ ಅಂಟಿಸಿ ದಪ್ಪ ಅಕ್ಷರದಲ್ಲಿ ಬರೆದೆ: ಸೂಜಿ. ಹುಕ್ಕು. ಲೇಸು. ಕಪ್ಪು ಗುಂಡಿ. ಬಿಳಿ ಗುಂಡಿ. ಟೀಚರ ಚಟ, ಏನು ಮಾಡುವುದು. ಕತ್ತರಿ ತೂಗುಹಾಕುವ ಮೊಳೆಯ ಹಿಂದೆ ಗೋಡೆಯ ಮೇಲೆ ಕತ್ತರಿಯ ಚಿತ್ರವನ್ನೂ ಬರೆದೆ. ಶಾಲೆಯ ಸಹೋದ್ಯೋಗಿಗಳು ಬಂದು ಫೋಟೋ ತೆಗೆದುಕೊಂಡು ಹೋದರು. ನಾನು ಮೂಗಿನ ತುದಿಯವರೆಗೆ ಉಬ್ಬಿದೆ.

ಮಿಷನ್ನು ಟೆಂಪೋದಲ್ಲಿ ಮೊದಲು ಬಂತು. ಬಲಗಾಲು ತುಳಿಯುವುದಿಲ್ಲವೆಂದು ಯಜಮಾನರು ಅದಕ್ಕೊಂದು ಪುಟ್ಟ ಮೋಟರು ಕೂರಿಸಿ, ಎಡಗಾಲಿನಲ್ಲಿ ಒತ್ತುವ ಹಾಗೆ ಮಾಡಿದರು. ಕೆಲಸ ಮುಗಿಸಿ ಒತ್ತಿ ತೋರಿಸಿದಾಗ ಅವರ ಮುಖ ಹೊಸ ಆಟಿಕೆ ಸಿಕ್ಕ ಮಗುವಿನಂತಾಗಿತ್ತು. ಆಮೇಲೆ ಅಕ್ಕ ಬಂದಳು.

ಕೈಹಿಡಿದು ಕರೆದುಕೊಂಡು ಹೋಗಿ ಹೊಸ್ತಿಲ ಮೇಲೆ ನಿಲ್ಲಿಸಿದೆ. ಪರದೆ ಸರಿಸಿದೆ. ಬೆಳಕು ದಾರದುಂಡೆಗಳ ಮೇಲೆ ಬಿತ್ತು. ಅಕ್ಕ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ನೋಡಿದಳು. ಮಿಷನ್ನಿನ ಮೇಲೆ ಕಣ್ಣು ನಿಂತಿತು, ಮತ್ತೆ ಮುಂದಕ್ಕೆ ಹೋಯಿತು.

"ಚೆನ್ನಾಗೈತೆ ಕಣೇ" ಎಂದಳು. ಪರದೆಯ ಗಿಳಿಗಳನ್ನು ನೋಡಿ, "ಯಾರ್ದು ಈ ರೂಮು?" ಎಂದು ಕೇಳಿದಳು.

"ನಿಂದೇ ಅಕ್ಕ! ಇನ್ಯಾರದು?"

"ಅಂಗನವಾಡಿ ಇದ್ದಂಗೈತೆ" ಎಂದು ಎಡಬಾಯಿಯಲ್ಲಿ ನಕ್ಕಳು. ಯಜಮಾನರೂ ನಕ್ಕರು, ನಾನೂ ನಕ್ಕೆ. ಎಲ್ಲ ಸರಿಹೋಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದು ಆ ಗಳಿಗೆಯಲ್ಲೇ.

ಆಮೇಲಿನ ದಿನಗಳಲ್ಲಿ ನಾನು ಶಾಲೆ ಮುಗಿಸಿ ಬಂದಾಗಲೆಲ್ಲ ಅಕ್ಕ ಕೋಣೆಯಲ್ಲೇ ಇರುತ್ತಿದ್ದಳು. ಮಿಷನ್ನಿನ ಮುಂದೆ ಸ್ಟೂಲಿನ ಮೇಲೆ ಕೂತು, ಎಡಗೈಯನ್ನು ಮಿಷನ್ನಿನ ಮೇಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು. ನನ್ನ ಚಪ್ಪಲಿ ಸದ್ದಿಗೆ ತಿರುಗಿ, "ಬಂದ್ಯಾ?" ಎನ್ನುತ್ತಿದ್ದಳು. ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಇವತ್ತು ಕೂತಿದ್ದಾಳೆ, ನಾಳೆ ಸೂಜಿ ಹಿಡಿಯುತ್ತಾಳೆ. ಹಿಡಿಯದಿದ್ದರೆ ಕೋಣೆಯಲ್ಲೇ ಏನೋ ಕೊರತೆ ಇರಬೇಕು ಎಂದು ಮತ್ತೇನಾದರೂ ತರುತ್ತಿದ್ದೆ. ಮೆತ್ತನೆಯ ಕುಶನ್ನು ತಂದೆ. ಮಿಷನ್ನಿನ ಮೇಲೆ ಬಾಗುವ ದೀಪ ತಂದೆ. ಸೂಜಿಗೆ ದಾರ ಪೋಣಿಸುವ ಸಲಕರಣೆ ತಂದೆ. ಎಡಗೈಯವರಿಗೆಂದೇ ಮಾಡಿದ ಕತ್ತರಿ ಇರುತ್ತದೆಂದು ತಿಳಿದು ಅದನ್ನೂ ತರಿಸಿದೆ. ಸಾಮಾನ್ಯ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಬಟ್ಟೆ ಕತ್ತರಿಸುವುದಿಲ್ಲ, ಎರಡು ಅಲಗಿನ ನಡುವೆ ಮಡಚಿಕೊಳ್ಳುತ್ತದೆ. ಅಕ್ಕ ಆ ಹೊಸ ಕತ್ತರಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇಂತಾದ್ದೂ ಮಾಡ್ತಾರಾ?" ಎಂದಳು. ಅವಳ ದನಿಯಲ್ಲಿ ಕುತೂಹಲವಿತ್ತು. ನಾನು ಅದನ್ನೇ ಹಬ್ಬ ಮಾಡಿಕೊಂಡೆ.

ಎದುರು ಮನೆಯ ಈರಮ್ಮ ಬಂದದ್ದು ಆ ವಾರವೇ. ಈರಮ್ಮ ಆಗ ಜೀನ್ಸ್ ಯೂನಿಟ್ಟಿನಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿ ಒಬ್ಬರು ಜಿಪ್ಪು ಹಚ್ಚಿದರೆ ಇನ್ನೊಬ್ಬರು ಪಟ್ಟಿ ಕೂರಿಸುತ್ತಾರೆ. ಈರಮ್ಮನದು ಹಿಂದಿನ ಜೇಬು. "ಇಷ್ಟು ವರ್ಷ ಜೇಬು ಹಚ್ಚೀನ್ರಿ, ಒಂದು ಪೂರಾ ಬಟ್ಟಿ ಹೊಲಿಯಾಕ ಬರಂಗಿಲ್ಲ" ಎಂದು ನಗುವವಳು. ಅಕ್ಕನ ಹೆಸರು ಕೇಳಿ, ಯುಗಾದಿಗೆಂದು ಒಂದು ಮಾವಿನೆಲೆ ಬಣ್ಣದ ಬ್ಲೌಸ್ ಪೀಸು ಹಿಡಿದುಕೊಂಡು ಬಂದಿದ್ದಳು. ಕೈ ಹೀಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

"ಕೊಡಮ್ಮ" ಎಂದಳು ಅಕ್ಕ. ಎಡಗೈ ಚಾಚಿದಳು.

ಮಾರನೆಯ ದಿನ ರಜೆ ಇತ್ತು. ಅಕ್ಕ ಬೆಳಿಗ್ಗೆಯೇ ಮೇಜಿನ ಮೇಲೆ ಪೀಸು ಹರಡಿದಳು. ಬಟ್ಟೆ ಜಾರದಂತೆ ಒಂದು ತುದಿಗೆ ಇಸ್ತ್ರಿಪೆಟ್ಟಿಗೆ ಇಟ್ಟು, ಇನ್ನೊಂದು ತುದಿಗೆ ತನ್ನ ಬಲಗೈಯನ್ನೇ ಎತ್ತಿ ಇಟ್ಟಳು. ಗುರುತು ಹಾಕುವ ಸೀಮೆಸುಣ್ಣದಲ್ಲಿ ಎಡಗೈಯಿಂದ ಗೆರೆ ಎಳೆದಳು. ಗೆರೆ ನಡುಗಿತು. ಒರೆಸಿ ಮತ್ತೆ ಎಳೆದಳು. ನಾನು ಅಡುಗೆಮನೆಯಲ್ಲಿ ಏನೂ ಸದ್ದು ಮಾಡದೆ ನಿಂತಿದ್ದೆ. ಕತ್ತರಿಯ ಸದ್ದು ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಆಮೇಲೆ ಬಹಳ ಹೊತ್ತು ಸದ್ದಿಲ್ಲ.

ಹೋಗಿ ನೋಡಿದೆ. ಕತ್ತರಿಸಿದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ನೋಡುತ್ತಿದ್ದಳು. ಒಂದು ತೋಳು ಇನ್ನೊಂದಕ್ಕಿಂತ ಅಗಲವಾಗಿತ್ತು. ಬೆನ್ನಿನ ತುಂಡಿನಲ್ಲಿ ಕಂಕುಳ ತಿರುವು ಒಳಕ್ಕೆ ಹೊಕ್ಕುಬಿಟ್ಟಿತ್ತು. ನನಗೇ ಕಂಡಿತೆಂದರೆ ಅವಳಿಗೆ ಕಾಣದಿರುತ್ತದೆಯೇ? ಹೊಲಿಯುವ ಗೋಜಿಗೇ ಹೋಗಲಿಲ್ಲ. ತುಂಡುಗಳನ್ನು ಮಡಚಿ, ಅಂಚಿಗೆ ಅಂಚು ಸೇರಿಸಿ ಇಟ್ಟಳು.

"ಅವ್ಳಿಗೆ ಬ್ಯಾರೆ ಪೀಸು ತಂದ್ಕೊಡೇ. ಇದೇ ಬಣ್ಣ."

ಇದೇ ಬಣ್ಣ ರಾಯದುರ್ಗದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಅಷ್ಟರಲ್ಲಿ ಈರಮ್ಮನೇ ಬಂದಳು. ಮಡಚಿಟ್ಟ ತುಂಡುಗಳನ್ನು ನೋಡಿ ಅರ್ಥಮಾಡಿಕೊಂಡಳು. "ಇರಲಿ ಬಿಡ್ರಿ ಅಕ್ಕಾರ, ಏನಾಗಿಲ್ಲ. ನಾ ಹ್ಯಾಂಗೋ ಕೂಡಿಸ್ಕೊಂತೀನ್ರಿ" ಎಂದು ಬಟ್ಟೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೋದಳು. ಒಳ್ಳೆಯ ಹೆಂಗಸು. ಬೈದಿದ್ದರೆ ಚೆನ್ನಾಗಿತ್ತೇನೋ. ಮಡಕಶಿರದಲ್ಲಿ ಒಂದು ಹುಕ್ಕು ಆಚೀಚೆಯಾದರೆ ಗಿರಾಕಿಗಳು ರಂಪ ಮಾಡುತ್ತಿದ್ದರು, ಅಕ್ಕನೂ ಬಾಯಿಂದ ಸೂಜಿ ತೆಗೆದು ಸರಿಯಾಗಿ ತಿರುಗೇಟು ಕೊಡುತ್ತಿದ್ದಳು. ಯಾರೂ ಅವಳಿಗೆ "ಇರಲಿ ಬಿಡ್ರಿ" ಎಂದದ್ದಿಲ್ಲ. ಆ ದಿನ ಅಕ್ಕ ಊಟ ಮಾಡಲಿಲ್ಲ.

ಇಷ್ಟಕ್ಕೆ ಬಿಡಬೇಕಿತ್ತು. ನಾನು ಬಿಡಲಿಲ್ಲ. ಅವಳ ಬಲಗೈ ಬರದಿದ್ದರೆ ನಾನೇ ಬಲಗೈ ಆಗುತ್ತೇನೆ ಎಂದೆ. ಬೇಸಿಗೆ ರಜೆ ಬಂದಿತ್ತು. ಅವಳು ಪಕ್ಕದಲ್ಲಿ ಕೂತು ಹೇಳಬೇಕು, ನಾನು ಹೊಲಿಯಬೇಕು. ಒಂದು ಹಳೆಯ ಸೀರೆಯನ್ನು ಕತ್ತರಿಸಿ ಒಳಲಂಗ ಹೊಲಿಯುವುದೆಂದು ತೀರ್ಮಾನವಾಯಿತು. ಅಂದರೆ ನಾನು ತೀರ್ಮಾನಿಸಿದೆ.

"ಚಕ್ರ ನಿನ್ನ ಕಡೆ ತಿರುಗ್ಸು. ನಿನ್ನ ಕಡೆ ಅಂದ್ನಲ್ಲ."

ತಿರುಗಿಸಿದೆ. ದಾರ ಕಿತ್ತಿತು.

"ಬಟ್ಟೆ ಎಳೀಬ್ಯಾಡ. ಅದ್ಕೆ ಗೊತ್ತೈತೆ ವೋಗಾದು. ಸುಮ್ನೆ ದಾರಿ ತೋರ್ಸು ಸಾಕು."

ಮೋಟರು ಒಮ್ಮೆಲೆ ಓಡಿತು. ಬಟ್ಟೆ ಅದರ ಹಿಂದೆ ಓಡಿತು, ನಾನು ಬಟ್ಟೆಯ ಹಿಂದೆ. ಹೊಲಿಗೆ ಹಾವಿನಂತೆ ಹರಿದು, ಒಂದು ಕಡೆ ಗಂಟಾಗಿ ಸೂಜಿ ಮುರಿಯಿತು. ಬಿಚ್ಚಿ ಮತ್ತೆ ಶುರುಮಾಡಿದೆ. ಮತ್ತೆ ಬಿಚ್ಚಿದೆ. ನನಗೆ ನಗು ಬಂತು. ಗವಸು ತೂಗಾಡಿಸಿಕೊಂಡು ಹೋದ ಕತೆ ನೆನಪಿಸಿದೆ. ಅವಳು ನಗಲಿಲ್ಲ. ಅವಳ ಎಡಗೈ ತೊಡೆಯ ಮೇಲಿನ ಬಲಗೈಯನ್ನು ಮಣಿಕಟ್ಟಿನ ಹತ್ತಿರ ಬಿಗಿಯಾಗಿ ಹಿಡಿದಿತ್ತು. ಬೆರಳ ಗುರುತು ಬೀಳುವಷ್ಟು ಬಿಗಿಯಾಗಿ. ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ಸೂಜಿಯ ಕೆಳಗೆ ಮುದ್ದೆಯಾಗುತ್ತಿದ್ದ ಆ ಸೀರೆಯನ್ನು.

"ಬಿಡೇ ಪದ್ದಿ" ಎಂದಳು ಕೊನೆಗೆ. "ಸಾಕು. ಬಟ್ಟೆಗೆ ನೋವಾಯ್ತದೆ."

ನಾನು ಕಾಲು ತೆಗೆದೆ. ಅದಾದ ಮೇಲೆ ಅವಳಿಗೆ ಹೊಲಿ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಆದರೆ ಶಾಲೆ ಮತ್ತೆ ಶುರುವಾದಾಗ, ಸಂಜೆ ನಾನು ಬರುವ ಹೊತ್ತಿಗೆ ಅವಳು ಎಂದಿನಂತೆ ಕೋಣೆಯಲ್ಲೇ ಇರುತ್ತಿದ್ದಳು. ಎಡಗೈ ಮಿಷನ್ನಿನ ಮೇಲೆ. "ಬಂದ್ಯಾ?" ಅಷ್ಟು ಸಾಕಿತ್ತು ನನಗೆ, ಇನ್ನೂ ಸ್ವಲ್ಪ ದಿನ ನಂಬಿಕೊಂಡು ಇರಲಿಕ್ಕೆ.

ಮಳೆಗಾಲ ಕಳೆಯುವ ಹೊತ್ತಿಗೆ ಈರಮ್ಮನ ಯೂನಿಟ್ಟಿನಲ್ಲಿ ಕೆಲಸ ಕಡಿಮೆಯಾಗಿ ಕೆಲವರನ್ನು ನಿಲ್ಲಿಸಿದರು. ಅವರಲ್ಲಿ ಈರಮ್ಮನೂ ಇದ್ದಳು. ಬೊಮ್ಮನಹಾಳ್ ಕಡೆಯ ತನ್ನ ತವರಿಗೆ ಹೋಗಿ, ಮನೆಯಲ್ಲೇ ಕೂತು ಚೀಲವೋ ಗವಸೋ ಏನಾದರೂ ಹೊಲಿಯುತ್ತೇನೆ ಎಂದು ಹೇಳಿಹೋಗಲು ಬಂದಳು. ನಾನು ಕಾಫಿ ಕೊಟ್ಟೆ. ಅಕ್ಕ ಗೋಡೆಗೆ ಒರಗಿ ಕೇಳಿಸಿಕೊಳ್ಳುತ್ತಿದ್ದಳು.

"ಮಿಷನ್ ಐತಾ ನಿನ್ ತಾವ?" ಎಂದು ಕೇಳಿದಳು.

"ಎಲ್ಲೀದ್ರಿ ಅಕ್ಕಾರ. ನೋಡ್ಬೇಕು."

"ಇದ್ನ ತಗಂಡು ವೋಗು."

ನಾನು ಲೋಟ ಕೆಳಗಿಟ್ಟೆ. "ಅಕ್ಕ, ಏನು ಮಾತು ಇದು? ಇನ್ನೂ ಕೈ..."

"ಕೈ ಬರಾಕಿಲ್ಲ ಪದ್ದಿ." ಅದನ್ನು ಅವಳು ಬಹಳ ಮೆತ್ತಗೆ ಹೇಳಿದಳು. ನನ್ನ ಶಾಲೆಯಲ್ಲಿ ಫೇಲಾದ ಮಗುವಿಗೆ ನಾನು ಹೇಳುವ ಹಾಗೆ.

ಈರಮ್ಮ ಬೇಡವೆಂದಳು, ನಾನು ಬೇಡವೆಂದೆ. ಅಕ್ಕ ಎರಡನ್ನೂ ಕೇಳಲಿಲ್ಲ. ಮಾರನೆಯ ದಿನವೇ ಈರಮ್ಮನ ತಮ್ಮ ಗಾಡಿ ತಂದ. ಯಜಮಾನರು ತಾವು ಹಾಕಿದ ಮೋಟರನ್ನು ಬಿಚ್ಚಲು ಹೋದರೆ ಅಕ್ಕ, "ಇರ್ಲಿ, ಅವ್ಳಿಗೆ ಅದೇ ರೂಢಿ" ಎಂದಳು. ಆಮೇಲೆ ಈರಮ್ಮನನ್ನು ಕೂರಿಸಿಕೊಂಡು ಹೇಳತೊಡಗಿದಳು. ಕಾಯಿಲೆ ಬಿದ್ದಮೇಲೆ ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ತೊದಲುತ್ತ, ನಿಲ್ಲುತ್ತ, ಎಂಜಲು ಒರೆಸಿಕೊಳ್ಳುತ್ತ ಹೇಳಿದಳು. ಚಳಿಗಾಲದಲ್ಲಿ ಮೊದಲು ಸುಮ್ಮನೆ ಸ್ವಲ್ಪ ಹೊತ್ತು ಓಡಿಸಬೇಕು, ಆಮೇಲೆ ಬಟ್ಟೆ ಕೊಡಬೇಕು. ರೇಷ್ಮೆ ಬಟ್ಟೆಯಾದರೆ ಕೆಳಗೆ ಒಂದು ಹಾಳೆ ಇಡಬೇಕು. ಕೆಳಗಿನ ದಾರ ಸುತ್ತಿಡುವ ಬಾಬಿನ್ನಿನ ಡಬ್ಬಿ ಒಂದು ಕಡೆ ಸವೆದಿದೆ, ದಾರ ಸಿಕ್ಕಿಕೊಂಡರೆ ಹೆದರಬಾರದು. "ಒಂದೊಂದ್ಸಲ ಹಟ ಮಾಡ್ತದೆ. ಬಯ್ಯಬ್ಯಾಡ. ಎದ್ದು ನೀರ್ ಕುಡ್ದು ಬಂದು ಕೂತ್ಕ. ಸರಿ ವೋಗ್ತದೆ." ಈರಮ್ಮ ತಲೆಯಾಡಿಸುತ್ತ ಆಡಿಸುತ್ತ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಗಾಡಿ ಹೋಯಿತು. ಕೋಣೆಯ ನೆಲದ ಮೇಲೆ ಮಿಷನ್ನಿನ ಕಾಲುಗಳಿದ್ದ ಕಡೆ ತುಕ್ಕಿನ ಕಲೆ ಉಳಿಯಿತು. ಅಕ್ಕ ಸ್ಟೂಲಿನ ಮೇಲೆ ಕೂತಿದ್ದಳು, ಎದುರಿಗೆ ಬರೀ ಹಸಿರು ಗೋಡೆ. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ.

"ಹಾಗಾದರೆ ಇದನ್ನೆಲ್ಲ ಕಿತ್ತುಹಾಕಿಬಿಡ್ತೀನಿ. ಯಾರಿಗೆ ಬೇಕು ಇದು?" ಎಂದು ಒಂದು ದಾರದುಂಡೆಗೆ ಕೈ ಹಾಕಿದೆ.

"ಇರ್ಲಿ ಬಿಡೇ. ಪಾಪ, ಎಷ್ಟು ಕಷ್ಟಪಟ್ಟು ಮಾಡಿದ್ದೀಯ."

"ನಿನಗೋಸ್ಕರ ಮಾಡಿದ್ದು ಅಕ್ಕ. ನೀನು ದಿನಾ ಬಂದು ಕೂರ್ತಿದ್ದೆಯಲ್ಲ, ನಾನು..."

ಅಕ್ಕ ನನ್ನ ಮುಖ ನೋಡಿದಳು.

"ನೀನು ಬರೋ ವೊತ್ತಿಗೆ ಬಂದು ಕೂತ್ಕಂತಿದ್ದೆ ಕಣೇ. ಇಡೀ ದಿನ ಈ ಕಡೀಗೆ ಬರ್ತಿರ್ಲಿಲ್ಲ. ಬರಾಕೆ ಆಗ್ತಿರ್ಲಿಲ್ಲ. ನಾನಿಲ್ಲಿ ಇಲ್ದಿದ್ರೆ ನಿನ್ನ ಮಕ ಸಣ್ಣಗಾಗ್ತಿತ್ತು. ಅದ್ಕೇ."

ನಾನು ಬಾಗಿಲಲ್ಲಿ ನಿಂತಿದ್ದ ಯಜಮಾನರ ಕಡೆ ತಿರುಗಿದೆ. ಅವರು ನೆಲ ನೋಡುತ್ತಿದ್ದರು.

"ನಿಮಗೆ ಗೊತ್ತಿತ್ತಾ?"

"ನಾನೇ ಕೈ ಹಿಡಿದು ಕರ್ಕೊಂಡು ಬಂದು ಕೂಡ್ಸತಿದ್ದೆ" ಎಂದರು. "ಹೇಳಬ್ಯಾಡ ಅಂದಿದ್ರು ಅಕ್ಕಾರು."

ನಾನು ಮಾಡಿದ ಕೋಣೆಯಲ್ಲಿ ನನ್ನ ಸಮಾಧಾನಕ್ಕೆಂದು ಅವಳು ದಿನವೂ ಬಂದು ಕೂರುತ್ತಿದ್ದಳು. ತನ್ನ ಸತ್ತ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ತಾನಿನ್ನು ಓಡಿಸಲಾರದ ಮಿಷನ್ನಿನ ಮೇಲೆ ಇನ್ನೊಂದು ಕೈಯಿಟ್ಟುಕೊಂಡು, ನಾನು ಬಂದು ಸಂತೋಷಪಡಲಿ ಎಂದು ಕಾಯುತ್ತಿದ್ದಳು. ಚಿಕ್ಕಂದಿನಲ್ಲಿ ನನ್ನನ್ನು ಸಾಕಿದ್ದು ಸಾಲದೆಂಬಂತೆ, ಬಿದ್ದಮೇಲೂ ಸಾಕುತ್ತಿದ್ದಳು. ನಾನು ಅವಳ ನೋವಿಗೆ ಪರದೆ ಹಾಕಿ, ಬಣ್ಣ ಬಳಿದು, ಚೀಟಿ ಅಂಟಿಸಿದ್ದೆ. ಅಲ್ಲಿ ಎಲ್ಲದಕ್ಕೂ ಜಾಗವಿತ್ತು. ಅವಳು ಅಳುವುದಕ್ಕೆ ಮಾತ್ರ ಜಾಗವಿರಲಿಲ್ಲ.

ಮಾರನೆಯ ಸಂಜೆ ಶಾಲೆಯಿಂದ ಬಂದಾಗ ಕೋಣೆ ಖಾಲಿಯಿತ್ತು. ಅಕ್ಕ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ನನ್ನ ಚಪ್ಪಲಿ ಸದ್ದು ಕೇಳಿಸಿತು. ತಿರುಗಲಿಲ್ಲ. "ಬಂದ್ಯಾ?" ಎನ್ನಲಿಲ್ಲ. ನಾನು ಬ್ಯಾಗು ಇಟ್ಟು ಅವಳ ಪಕ್ಕ ನೆಲದ ಮೇಲೆ ಕೂತೆ. ಅಂಗಡಿಯಲ್ಲಿ ಯಜಮಾನರ ಯಂತ್ರ ಗಿರ್ರೆನ್ನುತ್ತಿತ್ತು. ಅಕ್ಕನ ಭುಜ ಅಲುಗಿತು. ಮೊದಲು ಕೆಮ್ಮೆಂದುಕೊಂಡೆ. ಕೆಮ್ಮಲ್ಲ. ಎಳೆದ ಬಾಯಿಯಿಂದ ಬರುವ ಅಳುವಿಗೆ ಆಕಾರವಿರುವುದಿಲ್ಲ. ಅದು ಅಳುವೋ ಕೂಗೋ ತಿಳಿಯುವುದಿಲ್ಲ. ಮುಂಭಾಗದಲ್ಲಿ ಯಂತ್ರ ನಿಂತಿತು, ಮನೆಯೆಲ್ಲ ಅವಳ ದನಿಯೊಂದೇ ಆಯಿತು. ಅತ್ತಳು, ಬಹಳ ಹೊತ್ತು, ನನ್ನ ಮುಂದೆ, ನನ್ನ ಮುಖ ಏನಾಗುತ್ತದೆಂದು ನೋಡದೆ ಅತ್ತಳು. ನಾನು ಸುಮ್ಮನೆ ಇರು ಎನ್ನಲಿಲ್ಲ. ಕಣ್ಣೊರೆಸಲು ಹೋಗಲಿಲ್ಲ. ಅವಳ ಬಲಗೈ ಕಲ್ಲಿನಿಂದ ಜಾರಿ ನೇತಾಡುತ್ತಿತ್ತು. ಅದನ್ನು ಎತ್ತಿ ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಭಾರವಾಗಿತ್ತು.